ನಮ್ಮ ಕಾಲೇಜು ತಂಡದ ಜೆರ್ಸಿ ಎಲ್ಲಿ ಸಿಗುತ್ತದೆ?

ಬ್ಯಾಡಗಿ ತಾಲ್ಲೂಕಿನ ನಮ್ಮೂರು ಕದರಮಂಡಲಗಿಗೆ ಶನಿವಾರ ಕಾಂತೇಶನ ದರ್ಶನಕ್ಕೆ ಬರುವ ಹುಡುಗರ ಗುಂಪಿನಲ್ಲಿ ಒಬ್ಬಿಬ್ಬರಾದರೂ ಆರ್‌ಸಿಬಿ ಜೆರ್ಸಿ ತೊಟ್ಟಿರುತ್ತಾರೆ. 2025ರ ಜೂನ್ 3ರಂದು ಆ ತಂಡ ಮೊದಲ ಸಲ ಐಪಿಎಲ್ ಗೆದ್ದ ಮೇಲಂತೂ ಬೆನ್ನ ಮೇಲೆ 18ನೇ ಸಂಖ್ಯೆ ಇರುವ ಅಂಗಿ ಊರೂರಿನ ಸಂತೆಗೂ ಬಂದಿದೆ. ಬಾರ್ಸಿಲೋನಾ, ಮ್ಯಾಂಚೆಸ್ಟರ್ ಯುನೈಟೆಡ್ ಹೆಸರಿನ ಅಂಗಿಗಳಿಗೂ ಇಲ್ಲಿ ಕೊರತೆಯಿಲ್ಲ. ಆ ಊರುಗಳು ಭೂಪಟದಲ್ಲಿ ಎಲ್ಲಿವೆ ಎಂದು ತೋರಿಸಲಾಗದವರೂ ಅವುಗಳ ಬಣ್ಣ ಹೇಳಬಲ್ಲರು.

ಆದರೆ ನಾವು ನಿತ್ಯ ಓದಲು ಹೋಗುವ ಕಾಲೇಜಿನ ಕಬಡ್ಡಿ ತಂಡದ, ಕೊಕ್ಕೊ ತಂಡದ, ವಾಲಿಬಾಲ್ ತಂಡದ ಜೆರ್ಸಿ ಕೊಳ್ಳಬೇಕೆಂದರೆ? ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಅಂಗಡಿಗಳಲ್ಲಿ ಅಂಥದ್ದನ್ನು ನಾನಂತೂ ಕಂಡಿಲ್ಲ. ಕಾಲೇಜಿನ ಒಳಗೂ ಸಿಗುವುದಿಲ್ಲ. ನಮ್ಮಲ್ಲಿ ಎಷ್ಟೋ ಜನರಿಗೆ ನಮ್ಮ ತಂಡದ ಬಣ್ಣ ಯಾವುದೆಂಬುದೇ ಗೊತ್ತಿಲ್ಲ. ಇದು ಬಟ್ಟೆಯ ಸಣ್ಣ ವಿಷಯ ಅನ್ನಿಸಬಹುದು. ಸ್ವಲ್ಪ ಕೆದಕಿದರೆ, ನಮ್ಮ ನಡುವಿನ ಆಟಗಾರರನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ ಎಂಬ ದೊಡ್ಡ ಪ್ರಶ್ನೆ ಇದರ ಹಿಂದಿದೆ.

ಅಭಿಮಾನಕ್ಕೆ ಬರವಿಲ್ಲ

‘ನಮ್ಮ ಕಡೆಯ ಹುಡುಗರು ಇಂಥದ್ದಕ್ಕೆಲ್ಲ ದುಡ್ಡು ಕೊಡುವುದಿಲ್ಲ’ ಎಂಬುದು ಮೊದಲು ಬರುವ ಉತ್ತರ. ಇದು ನಿಜವಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಹಾವೇರಿ ಜಿಲ್ಲೆಯಲ್ಲಿ ಶುರುವಾಗುವ ಹೋರಿ ಹಬ್ಬಕ್ಕೆ ಬಂದು ನೋಡಿ. ಒಂದೊಂದು ಹೋರಿಗೂ ಒಂದೊಂದು ಹೆಸರು, ಅದಕ್ಕೊಂದು ಅಭಿಮಾನಿ ಬಳಗ. ಹೋರಿಯ ಚಿತ್ರ, ಊರಿನ ಹೆಸರು ಅಚ್ಚು ಹಾಕಿಸಿದ ಟೀ ಶರ್ಟ್ ತೊಟ್ಟು ಹುಡುಗರು ಟ್ರ್ಯಾಕ್ಟರ್ ಏರಿ ಬರುತ್ತಾರೆ. ಆ ಅಂಗಿಗೆ ಯಾವ ಕಂಪನಿಯೂ ಜಾಹೀರಾತು ಕೊಟ್ಟಿಲ್ಲ. ತಾವೇ ದುಡ್ಡು ಕೂಡಿಸಿ, ತಾವೇ ವಿನ್ಯಾಸ ಮಾಡಿಸಿ ಹೊಲಿಸಿದ್ದು.

ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಇದೇ ಕಥೆ. ಟೆಕ್ನಿಕಲ್ ಫೆಸ್ಟ್ ಬಂತೆಂದರೆ ಸಿವಿಲ್‌ನವರದೊಂದು, ಮೆಕ್ಯಾನಿಕಲ್‌ನವರದೊಂದು, ಕಂಪ್ಯೂಟರ್ ಸೈನ್ಸ್‌ನವರದೊಂದು ಟೀ ಶರ್ಟ್. ಕ್ಲಾಸ್ ಪ್ರತಿನಿಧಿ ಹೆಸರು, ಸೈಜು ಬರೆದುಕೊಂಡು ಫೋನ್‌ಪೇಯಲ್ಲಿ ಹಣ ಸಂಗ್ರಹಿಸುತ್ತಾನೆ. ಎರಡು ವಾರದಲ್ಲಿ ಬಟ್ಟೆ ಬರುತ್ತದೆ. ಫೆಸ್ಟ್ ಮುಗಿದ ಮೇಲೆ ಅದು ಹಾಸ್ಟೆಲ್‌ನಲ್ಲಿ ರಾತ್ರಿ ತೊಡುವ ಅಂಗಿಯಾಗುತ್ತದೆ.

ಅಂದರೆ ಕೊಳ್ಳುವವರಿದ್ದಾರೆ, ಹೊಲಿಯುವವರಿದ್ದಾರೆ, ಹಣ ಸಂಗ್ರಹಿಸುವ ದಾರಿಯೂ ಇದೆ. ಇಷ್ಟೆಲ್ಲ ಇದ್ದೂ ಕಾಲೇಜಿನ ಹೆಸರು ಹೊತ್ತು ಮೈದಾನಕ್ಕಿಳಿಯುವ ತಂಡಕ್ಕೆ ಮಾತ್ರ ಅಭಿಮಾನಿಗಳ ಅಂಗಿ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ನಮ್ಮ ಕಾಲೇಜು ಕ್ರೀಡೆಗೆ ಸರಿಯಾಗಿ ಒಪ್ಪುತ್ತದೆ.

ತಂಡವಿದೆ, ನೋಡುವವರಿಲ್ಲ

ಕೊರತೆ ಎಲ್ಲಿದೆ ಎಂದು ತಿಳಿಯಲು ಕಾಲೇಜು ಕ್ರೀಡೆ ನಡೆಯುವ ಬಗೆಯನ್ನು ನೋಡಬೇಕು. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿ ನಮ್ಮಂಥ ಎಂಜಿನಿಯರಿಂಗ್ ಕಾಲೇಜುಗಳಿವೆ. ಮೊದಲು ವಲಯ ಮಟ್ಟದ ಅಂತರ ಕಾಲೇಜು ಟೂರ್ನಿ, ನಂತರ ಅಂತರ ವಲಯ ಟೂರ್ನಿ. ಅಲ್ಲಿ ಆಯ್ಕೆಯಾದವರು ವಿಶ್ವವಿದ್ಯಾಲಯದ ತಂಡ ಸೇರಿ, ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಆಶ್ರಯದಲ್ಲಿ ನಡೆಯುವ ಅಂತರ ವಿಶ್ವವಿದ್ಯಾಲಯ ಟೂರ್ನಿಗಳಿಗೆ ಹೋಗುತ್ತಾರೆ. ಪದವಿ ಕಾಲೇಜುಗಳ ವ್ಯವಸ್ಥೆಯೂ ಹೆಚ್ಚುಕಡಿಮೆ ಹೀಗೇ.

ಈ ಟೂರ್ನಿಗಳು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ, ಯಾವುದೋ ಒಂದು ಆತಿಥೇಯ ಕಾಲೇಜಿನ ಮೈದಾನದಲ್ಲಿ ಮುಗಿದುಹೋಗುತ್ತವೆ. ಸೋತವರು ಮಧ್ಯಾಹ್ನದ ಬಸ್ಸಿಗೆ ವಾಪಸು. ‘ನಮ್ಮ ಮೈದಾನದಲ್ಲಿ, ನಮ್ಮವರ ಎದುರು’ ಆಡುವ ಪಂದ್ಯ ಎಂಬುದು ಬಹುತೇಕ ತಂಡಗಳಿಗೆ ಸಿಗುವುದೇ ಇಲ್ಲ. ಪಂದ್ಯ ಯಾವಾಗ ಎಂಬ ಸುದ್ದಿ ದೈಹಿಕ ಶಿಕ್ಷಣ ನಿರ್ದೇಶಕರ ಕೊಠಡಿಯ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಉಳಿಯುತ್ತದೆ. ಉಳಿದ ವಿದ್ಯಾರ್ಥಿಗಳಿಗೆ ಗೆದ್ದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಗುಂಪು ಫೋಟೊ ಒಂದೇ ಗತಿ. ಇಂಟರ್ನಲ್ ಪರೀಕ್ಷೆ ಅದೇ ವಾರ ಬಂದರೆ ಆ ಫೋಟೊದಲ್ಲೂ ತಂಡದ ಅರ್ಧ ಜನ ಇರುವುದಿಲ್ಲ.

ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರಿಗೆ ‘ಯೂನಿವರ್ಸಿಟಿ ಬ್ಲೂ’ ಎನ್ನುವ ಗೌರವ ನಮ್ಮಲ್ಲಿ ಹಿಂದಿನಿಂದಲೂ ಇದೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ನಿಂದ ಬಂದ ಈ ಪದವನ್ನು ಇಂದಿಗೂ ಬಯೊಡೇಟಾದಲ್ಲಿ ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ. ಅವರಿಗೆ ಸಿಗುವ ಬ್ಲೇಜರ್ ಆಟಗಾರನ ಗೌರವದ ಉಡುಪು. ಅದು ಮಾರಾಟಕ್ಕಿಲ್ಲ, ಇರಲೂಬಾರದು. ಆದರೆ ಆತನ ಪರವಾಗಿ ಕೂಗುವ ಗೆಳೆಯನಿಗೆ ತೊಡಲು ಏನೂ ಇಲ್ಲ.

ಮೇಲಿನ ಹಂತದಲ್ಲಿ ಬದಲಾವಣೆ ಆಗಿಲ್ಲ ಎನ್ನಲಾಗದು. ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾಯಿತು. ಎರಡನೇ ಆವೃತ್ತಿ 2022ರ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯವೇ 20 ಚಿನ್ನ ಗೆದ್ದು ಸಮಗ್ರ ಪ್ರಶಸ್ತಿ ಪಡೆಯಿತು. ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಹೆಸರು ದೇಶದ ಕ್ರೀಡಾವಲಯಕ್ಕೆಲ್ಲ ಪರಿಚಿತ. ಐಪಿಎಲ್‌ನಷ್ಟಲ್ಲದಿದ್ದರೂ ಅಭಿಮಾನ ಹುಟ್ಟಲು ಇಷ್ಟು ಸಾಧನೆ ಸಾಕು. ಐಐಟಿ, ಐಐಎಂನಂಥ ಸಂಸ್ಥೆಗಳ ಹೆಸರಿನ ಹೂಡಿ, ಟೀ ಶರ್ಟ್ ಸಿಗುತ್ತವೆ ನಿಜ. ಅವು ಸಂಸ್ಥೆಯಲ್ಲಿ ಸೀಟು ಸಿಕ್ಕ ಹೆಮ್ಮೆಯನ್ನು ಹೇಳುತ್ತವೆಯೇ ಹೊರತು ಅಲ್ಲಿನ ತಂಡದ ಬಗ್ಗೆ ಏನನ್ನೂ ಹೇಳುವುದಿಲ್ಲ.

ನಮ್ಮ ಜಿಲ್ಲೆಗೆ ಇನ್ನೂ ಒಂದು ತೊಡಕಿದೆ. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿದ್ದ ಇಲ್ಲಿನ ಪದವಿ ಕಾಲೇಜುಗಳಿಗೆ ಈಗ ಹಾವೇರಿ ವಿಶ್ವವಿದ್ಯಾಲಯ ಬಂದಿದೆ. 2025ರ ಫೆಬ್ರುವರಿಯಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಚರ್ಚೆ ನಡೆದಾಗ ಆ ಪಟ್ಟಿಯಲ್ಲಿ ಹಾವೇರಿಯೂ ಇತ್ತು. ಎದೆಯ ಮೇಲೆ ಹಾಕಿಕೊಳ್ಳಬೇಕಾದ ಹೆಸರೇ ಮುಂದಿನ ವರ್ಷ ಇರುತ್ತದೋ ಇಲ್ಲವೋ ಎಂದಾದರೆ ಅಭಿಮಾನ ಬೇರೂರುವುದು ಕಷ್ಟ.

ಮೊದಲು ಗ್ಯಾಲರಿ, ಆಮೇಲೆ ಅಂಗಡಿ

ಕಾಲೇಜು ತಂಡದ ಅಧಿಕೃತ ಉಡುಪು ದೊಡ್ಡ ಉದ್ಯಮವಾಗಿರುವುದು ಅಮೆರಿಕದಲ್ಲಿ. ‘ಅಧಿಕೃತ’ ಎಂದರೆ ಇಷ್ಟೇ: ವಿಶ್ವವಿದ್ಯಾಲಯ ತನ್ನ ಹೆಸರು, ಲಾಂಛನ ಬಳಸಲು ಬಟ್ಟೆ ಕಂಪನಿಗೆ ಪರವಾನಗಿ ಕೊಡುತ್ತದೆ. ಪ್ರತಿಯಾಗಿ ಮಾರಾಟದಲ್ಲಿ ಒಂದು ಪಾಲನ್ನು ರಾಯಧನವಾಗಿ ಪಡೆಯುತ್ತದೆ. ಬಿಲ್ ಬ್ಯಾಟಲ್ ಎಂಬ ಮಾಜಿ ಫುಟ್‌ಬಾಲ್ ಕೋಚ್ 1981ರಲ್ಲಿ ಇದಕ್ಕಾಗಿಯೇ ಕಾಲೇಜಿಯೇಟ್ ಲೈಸೆನ್ಸಿಂಗ್ ಕಂಪನಿ ಆರಂಭಿಸಿದರು. ಅಲಬಾಮ ವಿಶ್ವವಿದ್ಯಾಲಯ ಅದರ ಮೊದಲ ಗ್ರಾಹಕ. ಒಂದೊಂದೇ ಕಾಲೇಜು ನೂರಾರು ತಯಾರಕರ ಜತೆ ಚೌಕಾಸಿ ಮಾಡುವ ಬದಲು ಎಲ್ಲ ಕಾಲೇಜುಗಳ ಪರವಾಗಿ ಒಂದೇ ಸಂಸ್ಥೆ ವ್ಯವಹರಿಸುವ ಕ್ರಮ ಅಲ್ಲಿಂದ ಬೆಳೆಯಿತು.

ಆದರೆ ಆ ಕಂಪನಿ ಬರುವ ಎಷ್ಟೋ ದಶಕಗಳ ಮೊದಲೇ ಅಲ್ಲಿ ಪ್ರೇಕ್ಷಕರಿದ್ದರು. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಇಂದು ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಶನಿವಾರ ಪಂದ್ಯ ಎಂಬುದು ಅಲ್ಲಿನ ಊರುಗಳಿಗೆ ಜಾತ್ರೆಯಿದ್ದಂತೆ. ಅಂಗಿ ಬಂದದ್ದು ಆ ಜಾತ್ರೆಯ ಹಿಂದಿನಿಂದ. ನಾವು ಅಂಗಡಿಯನ್ನು ಮೊದಲು ತೆರೆದು ಅಭಿಮಾನಿಗಳಿಗಾಗಿ ಕಾದರೆ ಬಟ್ಟೆ ದೂಳು ತಿನ್ನುತ್ತದೆ.

ಇದು ಅಮೆರಿಕಕ್ಕೆ ಮಾತ್ರ ಸಾಧ್ಯ ಎಂದೇನಿಲ್ಲ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಹುಟ್ಟಿದ್ದು 2013ರಲ್ಲಿ. ಆಡಿದ ಮೊದಲ ವರ್ಷವೇ ಐ–ಲೀಗ್ ಗೆದ್ದಿತು. ಗೆಲುವಿನಷ್ಟೇ ಮುಖ್ಯವಾದದ್ದು ಗೊತ್ತಾದ ದಿನಾಂಕ, ಗೊತ್ತಾದ ಮೈದಾನ, ಬದಲಾಗದ ನೀಲಿ ಬಣ್ಣ. ಮೈದಾನದ ಪಶ್ಚಿಮ ಗ್ಯಾಲರಿಯಲ್ಲಿ ಸೇರುತ್ತಿದ್ದವರು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗವೇ ಆದರು. ಇನ್ನೊಂದು ಉದಾಹರಣೆ ನಮಗೆ ಹತ್ತಿರದ್ದು. ಹುಬ್ಬಳ್ಳಿ ಟೈಗರ್ಸ್ 2023ರಲ್ಲಿ ಮಹಾರಾಜ ಟ್ರೋಫಿ ಗೆದ್ದಿತು. ಆದರೆ ಆ ವರ್ಷದ ಟೂರ್ನಿ ನಡೆದದ್ದು ಬೆಂಗಳೂರಿನಲ್ಲಿ. ತಂಡದ ಹೆಸರಿನಲ್ಲಿರುವ ಊರಿನ ಜನ ಟಿ.ವಿ.ಯಲ್ಲೇ ನೋಡಿದರು. ತಂಡ ನಮ್ಮ ಕಣ್ಣೆದುರು ಆಡದಿದ್ದರೆ ಅದರ ಅಂಗಿ ತೊಡುವ ಮನಸ್ಸು ಬರುವುದು ನಿಧಾನ.

ಅಮೆರಿಕದಿಂದ ಕಲಿಯಬೇಕಾದ ಇನ್ನೊಂದು ಪಾಠ ಅವರ ತಪ್ಪಿನಿಂದ. ಕಾಲೇಜು ಆಟಗಾರರ ಜನಪ್ರಿಯತೆಯಿಂದ ವಿಶ್ವವಿದ್ಯಾಲಯಗಳು, ಕಂಪನಿಗಳು ದಶಕಗಳ ಕಾಲ ಹಣ ಮಾಡಿದವು. ಆಟಗಾರರು ತಮ್ಮ ಹೆಸರಿನಿಂದ ಒಂದು ಡಾಲರ್ ಗಳಿಸಿದರೂ ನಿಯಮಭಂಗ ಎನ್ನಲಾಗುತ್ತಿತ್ತು. ನ್ಯಾಯಾಲಯಗಳಲ್ಲಿ ದೀರ್ಘ ಹೋರಾಟ ನಡೆದು, 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಆದಾಯ ಪಡೆಯಲು ಅವಕಾಶ ಸಿಕ್ಕಿತು. ನಾವು ಹೊಸದಾಗಿ ಆರಂಭಿಸುವುದಾದರೆ ಆಟಗಾರನ ಪಾಲನ್ನು ಮೊದಲ ದಿನವೇ ಬರೆದಿಡಬಹುದು.

ಹೆಸರಿನ ಬೆಲೆ ಬ್ಯಾಡಗಿಗೆ ಗೊತ್ತು

ಹೆಸರಿಗೆ ಬೆಲೆ ಇದೆ ಎಂಬುದನ್ನು ನಮ್ಮ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ (ಜಿಐ) ಸಿಕ್ಕಿತು. ಕಡುಗೆಂಪು ಬಣ್ಣ, ಕಡಿಮೆ ಖಾರ ಇದರ ಗುಣ. ಬೇರೆ ಕಡೆಯ ಕಾಯಿಯನ್ನು ಬ್ಯಾಡಗಿ ಎಂದು ಮಾರಿದರೆ ನಷ್ಟ ಯಾರಿಗೆ ಎಂಬುದು ಇಲ್ಲಿನ ರೈತರಿಗೆ ಚೆನ್ನಾಗಿ ಗೊತ್ತು. ಕಾಲೇಜು ತಂಡದ ಹೆಸರಿನ ಲೆಕ್ಕವೂ ಇದೇ. ಯಾರೋ ಅಚ್ಚು ಹಾಕಿ ಮಾರಿದರೆ ಹಣ ಅವರಿಗೆ, ಹೆಸರು ಗಳಿಸಿಕೊಟ್ಟ ಆಟಗಾರನಿಗೆ ಏನೂ ಇಲ್ಲ.

ಇದಕ್ಕೆ ಕಾನೂನಿನ ದಾರಿಯಿದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ತಂಡದ ಹೆಸರು, ಲಾಂಛನವನ್ನು ನೋಂದಾಯಿಸಬಹುದು. ಉಡುಪುಗಳು ಬರುವುದು 25ನೇ ವರ್ಗದಲ್ಲಿ. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳು, ಸ್ಟಾರ್ಟ್‌ಅಪ್‌ಗಳು ಮತ್ತು ಸಣ್ಣ ಉದ್ಯಮಗಳಿಗೆ ₹4,500, ಉಳಿದ ಸಂಸ್ಥೆಗಳಿಗೆ ₹9,000 ಶುಲ್ಕ. ನೋಂದಣಿ 10 ವರ್ಷ ಚಾಲ್ತಿಯಲ್ಲಿರುತ್ತದೆ, ಆಮೇಲೆ ನವೀಕರಿಸಬಹುದು. ವರ್ಷಕ್ಕೆ ₹900ರ ಈ ಖರ್ಚು ಕಾಲೇಜಿನ ವಾರ್ಷಿಕೋತ್ಸವದ ಹಾರ ತುರಾಯಿಗಿಂತ ಕಡಿಮೆಯೇ ಇರಬೇಕು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ, ತನ್ನ ಹಳೆಯ ಲಾಂಛನಗಳನ್ನು ಅನುಮತಿಯಿಲ್ಲದೆ ಬಟ್ಟೆ ಮೇಲೆ ಮುದ್ರಿಸುತ್ತಿದ್ದ ಕಂಪನಿಯ ವಿರುದ್ಧ 2024ರ ನವೆಂಬರ್‌ನಲ್ಲಿ ದಾವೆ ಗೆದ್ದಿತು. ಲಾಂಛನವನ್ನು ಕಾಪಾಡಿಕೊಂಡವರಿಗೆ ಮಾತ್ರ ಇಂಥ ಹಕ್ಕು ಉಳಿಯುತ್ತದೆ.

ಸರ್ಕಾರಿ ಕಾಲೇಜುಗಳು ಒಂದು ಎಚ್ಚರ ವಹಿಸಬೇಕು. ರಾಜ್ಯದ ಗಂಡಭೇರುಂಡ ಲಾಂಛನ, ರಾಷ್ಟ್ರ ಲಾಂಛನ ಇರುವ ಮುದ್ರೆಯನ್ನು ಮಾರಾಟದ ಅಂಗಿಯ ಮೇಲೆ ಹಾಕುವಂತಿಲ್ಲ. ಇಂಥ ಬಳಕೆಯನ್ನು ತಡೆಯಲು 1950ರಿಂದಲೇ ಕಾಯ್ದೆ ಇದೆ. ಆದ್ದರಿಂದ ಕಾಲೇಜಿನ ಮುದ್ರೆಯಿಂದ ಬೇರೆಯಾದ, ತಂಡದ್ದೇ ಆದ ಗುರುತು ಬೇಕು. ಅದನ್ನು ವಿದ್ಯಾರ್ಥಿಗಳ ಸ್ಪರ್ಧೆಯ ಮೂಲಕವೇ ಆರಿಸಬಹುದು. ವಿನ್ಯಾಸ ಮಾಡಿದ ವಿದ್ಯಾರ್ಥಿಯಿಂದ ಕಾಲೇಜು ಲಿಖಿತ ಒಪ್ಪಿಗೆ ಪಡೆಯಬೇಕು. ಚಿತ್ರ ಬರೆದವರದೇ ಅದರ ಮೊದಲ ಹಕ್ಕು ಎನ್ನುವುದು ಹಕ್ಕುಸ್ವಾಮ್ಯದ ಸಾಮಾನ್ಯ ನಿಯಮ.

ಲೆಕ್ಕ ಹಾಕಿ ನೋಡೋಣ

ಈಗಿನ ಜೆರ್ಸಿಗಳನ್ನು ಬಹುಪಾಲು ಸಬ್ಲಿಮೇಷನ್ ವಿಧಾನದಲ್ಲಿ ಮುದ್ರಿಸುತ್ತಾರೆ. ಮೊದಲು ಕಾಗದದ ಮೇಲೆ ವಿನ್ಯಾಸ ಮುದ್ರಿಸಿ, ಅದನ್ನು ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತುತ್ತಾರೆ. ಶಾಯಿ ಅನಿಲವಾಗಿ ಎಳೆಯೊಳಗೆ ಸೇರುತ್ತದೆ. ಹಾಗಾಗಿ ಒಗೆದರೂ ಬಣ್ಣ ಏಳುವುದಿಲ್ಲ. ಹತ್ತಿ ಬಟ್ಟೆಗೆ ಇದು ಹಿಡಿಯುವುದಿಲ್ಲ. ಈ ವಿಧಾನಕ್ಕೆ ಪ್ರತಿ ವಿನ್ಯಾಸಕ್ಕೂ ಅಚ್ಚು ಮಾಡಿಸುವ ಖರ್ಚಿಲ್ಲ, ಮೂವತ್ತು ಅಂಗಿಗಳ ಸಣ್ಣ ಆರ್ಡರ್ ಕೂಡ ಮಾಡಿಸಬಹುದು. ದೊಡ್ಡ ಕಂಪನಿ ಬರಲಿ ಎಂದು ಕಾಯುವ ಅಗತ್ಯವೇ ಇಲ್ಲ.

ಒಂದು ಉದಾಹರಣೆ ನೋಡೋಣ. ಅಂಗಿ ತಯಾರಿಸಲು ₹300 ಬೀಳುತ್ತದೆ, ಮಾರಾಟದ ಬೆಲೆ ₹400 ಎಂದುಕೊಳ್ಳಿ. ಉಳಿಯುವ ₹100ರಲ್ಲಿ ₹60 ಕಾಲೇಜಿನ ಕ್ರೀಡಾ ನಿಧಿಗೆ, ₹20 ತಂಡದ ಆಟಗಾರರಿಗೆ, ₹20 ಮಾರಾಟ ನೋಡಿಕೊಳ್ಳುವ ವಿದ್ಯಾರ್ಥಿಗಳಿಗೆ. ಸಾವಿರ ವಿದ್ಯಾರ್ಥಿಗಳ ಕಾಲೇಜಿನಲ್ಲಿ ಮುನ್ನೂರು ಜನ ಕೊಂಡರೆ ಕ್ರೀಡಾ ನಿಧಿಗೆ ₹18,000, ಆಟಗಾರರಿಗೆ ₹6,000, ಮಾರಿದವರಿಗೆ ₹6,000. ಮೊದಲ ವರ್ಷ ನಿಧಿಯ ಅರ್ಧ ಟ್ರೇಡ್‌ಮಾರ್ಕ್ ಶುಲ್ಕಕ್ಕೇ ಹೋಗುತ್ತದೆ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಸ್ವಂತ ದುಡ್ಡಿನಲ್ಲಿ ಶೂ ಕೊಂಡು, ಸ್ವಂತ ದುಡ್ಡಿನಲ್ಲಿ ಬಸ್ ಟಿಕೆಟ್ ತೆಗೆದು ಟೂರ್ನಿಗೆ ಹೋಗುವ ಹಳ್ಳಿಯ ಹುಡುಗ, ಹುಡುಗಿಗೆ ಆ ಮೊತ್ತ ದೊಡ್ಡದು.

ಉದ್ಯೋಗ ಹುಡುಕುತ್ತಿರುವವರೂ ಇದನ್ನು ಗಮನಿಸಬೇಕು. ರಾಣೆಬೆನ್ನೂರು, ಹಾವೇರಿ, ದಾವಣಗೆರೆಯಲ್ಲಿ ಮುದ್ರಣ ಬಲ್ಲವರಿದ್ದಾರೆ. ಒಂದೇ ಕಾಲೇಜು ನಂಬಿದರೆ ವ್ಯಾಪಾರ ನಿಲ್ಲುವುದಿಲ್ಲ. ಆದರೆ ಜಿಲ್ಲೆಯ ಹತ್ತಿಪ್ಪತ್ತು ಕಾಲೇಜುಗಳ ಪರವಾನಗಿ ಒಟ್ಟಿಗೆ ಪಡೆದರೆ ಇಬ್ಬರು ಮೂವರಿಗೆ ವರ್ಷದ ಕೆಲವು ತಿಂಗಳಾದರೂ ಕೆಲಸ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ₹2,500ವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5 ಮಾತ್ರ.

ಜೆರ್ಸಿಯೇ ಆಗಬೇಕೆಂದೂ ಇಲ್ಲ. ಯುರೋಪಿನ ಫುಟ್‌ಬಾಲ್ ಅಭಿಮಾನಿಗಳು ಕೊರಳಿಗೆ ಸುತ್ತುವ ಸ್ಕಾರ್ಫ್ ಅಲ್ಲಿನ ಚಳಿಗೆ ಸರಿ. ನಮ್ಮಲ್ಲಿ ಹೆಗಲ ಮೇಲೊಂದು ಟವೆಲ್ ಹಾಕುವುದು ರೂಢಿ. ರಾಣೆಬೆನ್ನೂರು ತಾಲ್ಲೂಕಿನ ತುಮ್ಮಿನಕಟ್ಟಿ ನೇಕಾರಿಕೆಗೆ ಹೆಸರಾದ ಊರು. ಅಲ್ಲಿನ ಮಗ್ಗದಲ್ಲಿ ಕಾಲೇಜಿನ ಎರಡು ಬಣ್ಣದ ಅಂಚಿಟ್ಟು ಟವೆಲ್ ನೇಯಿಸಿದರೆ ಜೆರ್ಸಿಗಿಂತ ಅಗ್ಗ. ಸೈಜಿನ ತಾಪತ್ರಯವಿಲ್ಲ. ನಾಲ್ಕು ಕಾಸು ನಮ್ಮ ನೇಕಾರರಿಗೂ ಸೇರುತ್ತದೆ.

ಎಚ್ಚರಿಕೆ ಬೇಕಾದ ಕಡೆ

ಮೊದಲನೆಯ ಅಪಾಯ, ಕಡ್ಡಾಯ. ‘ಪ್ರವೇಶ ಶುಲ್ಕದ ಜತೆಗೇ ಜೆರ್ಸಿ’ ಎಂದು ರಸೀದಿಯಲ್ಲಿ ಸೇರಿಸಿಬಿಟ್ಟರೆ ಅದು ಇನ್ನೊಂದು ಯೂನಿಫಾರ್ಮ್ ಆಗುತ್ತದೆ. ವಿದ್ಯಾರ್ಥಿವೇತನಕ್ಕೆ ಕಾಯುವ ಮನೆಗೆ ನಾನ್ನೂರು ರೂಪಾಯಿ ಹೊರೆಯೇ. ಕೊಳ್ಳದವನು ಅಭಿಮಾನಿಯಲ್ಲ ಎಂಬ ಮಾತೂ ಬರಬಾರದು.

ಎರಡನೆಯದು, ಹುಡುಗಿಯರು. ಅಂಗಡಿಯ ಜೆರ್ಸಿಗಳೆಲ್ಲ ಗಂಡಸರ ಅಳತೆಯವು, ಬೆನ್ನ ಮೇಲಿನ ಹೆಸರುಗಳೂ ಗಂಡಸರವೇ. ನಮ್ಮ ಭಾಗದ ಕಬಡ್ಡಿ, ಕೊಕ್ಕೊ ತಂಡಗಳಲ್ಲಿ ಹುಡುಗಿಯರು ಚೆನ್ನಾಗಿ ಆಡುತ್ತಾರೆ. ಕಾಲೇಜಿನ ಅಂಗಿ ಬಂದರೆ ಅವರ ತಂಡದ ಹೆಸರಿನಲ್ಲೂ, ಅವರ ಅಳತೆಯಲ್ಲೂ ಬರಬೇಕು.

ಮೂರನೆಯದು, ಪಾರದರ್ಶಕತೆ. ಎಷ್ಟು ಅಂಗಿ ಮಾರಾಟವಾಯಿತು, ಎಷ್ಟು ಹಣ ಬಂತು, ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಸೂಚನಾ ಫಲಕದಲ್ಲಿ ಹಾಕಬೇಕು. ನಾವು ಪ್ರತಿವರ್ಷ ಕಟ್ಟುವ ಕ್ರೀಡಾ ಶುಲ್ಕದ ಲೆಕ್ಕವನ್ನೂ ಅದರ ಪಕ್ಕದಲ್ಲೇ ಅಂಟಿಸಿದರೆ ಇನ್ನೂ ಒಳ್ಳೆಯದು. ಜೆರ್ಸಿ ಮಾರಾಟ ಕ್ರೀಡಾ ಅನುದಾನಕ್ಕೆ ಪೂರಕವಾಗಬೇಕೇ ಹೊರತು, ‘ನಿಮ್ಮ ಖರ್ಚು ನೀವೇ ದುಡಿದುಕೊಳ್ಳಿ’ ಎಂದು ಕೈತೊಳೆದುಕೊಳ್ಳಲು ನೆಪವಾಗಬಾರದು.

ಎಲ್ಲಿಂದ ಶುರು?

ಪ್ರಾಂಶುಪಾಲರು, ವಿಶ್ವವಿದ್ಯಾಲಯಗಳ ದೈಹಿಕ ಶಿಕ್ಷಣ ವಿಭಾಗಗಳ ಮುಂದೆ ಇಡಬಹುದಾದ ಬೇಡಿಕೆಗಳು ದೊಡ್ಡವಲ್ಲ. ಸೆಮಿಸ್ಟರ್ ಆರಂಭದಲ್ಲೇ ಅಂತರ ಕಾಲೇಜು ಪಂದ್ಯಗಳ ವೇಳಾಪಟ್ಟಿ ಪ್ರಕಟಿಸಿ. ಆ ದಿನಗಳಲ್ಲಿ ಇಂಟರ್ನಲ್ ಪರೀಕ್ಷೆ ಇಡಬೇಡಿ. ಪ್ರತಿ ತಂಡಕ್ಕೂ ವರ್ಷದಲ್ಲಿ ಎರಡು ಪಂದ್ಯವಾದರೂ ತನ್ನ ಕಾಲೇಜಿನ ಮೈದಾನದಲ್ಲಿ, ಸಂಜೆ ನಾಲ್ಕರ ನಂತರ, ಉಳಿದವರು ನಿಂತು ನೋಡುವಂತೆ ಇರಲಿ. ಕಾಲೇಜಿಗೆ ಎರಡು ಬಣ್ಣ ನಿಗದಿ ಮಾಡಿ, ಪ್ರಾಂಶುಪಾಲರು ಬದಲಾದಾಗಲೆಲ್ಲ ಅವನ್ನು ಬದಲಿಸಬೇಡಿ.

ನಮ್ಮ ಪಾಲಿನ ಕೆಲಸವೂ ಇದೆ. ಮೊಬೈಲ್‌ನಲ್ಲಿ ಐಪಿಎಲ್ ಸ್ಕೋರ್ ನೋಡುವಷ್ಟು ಸಲವಲ್ಲದಿದ್ದರೂ, ವಾರಕ್ಕೊಮ್ಮೆ ನಮ್ಮ ಮೈದಾನದ ಕಡೆ ಹೋಗಬಹುದು. ತಂಡದ ನಾಯಕನ, ನಾಯಕಿಯ ಹೆಸರು ತಿಳಿದುಕೊಳ್ಳಬಹುದು. ಅವರ ಮುಂದಿನ ಪಂದ್ಯ ಯಾವಾಗ ಎಂದು ಕೇಳಿ, ಆ ದಿನಾಂಕವನ್ನು ಕ್ಲಾಸಿನ ಗ್ರೂಪಿಗೆ ಹಾಕಬಹುದು. ಇಪ್ಪತ್ತು ಜನ ಗೆರೆಯ ಆಚೆ ನಿಂತು ಚಪ್ಪಾಳೆ ತಟ್ಟಲು ಶುರು ಮಾಡಿದ ದಿನ, ‘ನಮಗೂ ಒಂದು ಅಂಗಿ ಮಾಡಿಸೋಣವೇ’ ಎಂಬ ಮಾತು ತಾನಾಗಿಯೇ ಬರುತ್ತದೆ. ಅಷ್ಟರೊಳಗೆ ಕಾಲೇಜು ತನ್ನ ತಂಡದ ಹೆಸರನ್ನು ನೋಂದಾಯಿಸಿಟ್ಟುಕೊಂಡಿರಲಿ.

–ಬಿ.ಇ. ವಿದ್ಯಾರ್ಥಿ, ಕದರಮಂಡಲಗಿ